ಲೇಬಲ್ ಬದಲಾದ ಬೆಂಚು

ಹೋದ ವಾರ ಪೀಣ್ಯದಲ್ಲಿ ಬಸ್ಸಿಳಿದು ನಡೆಯುತ್ತಿದ್ದೆ. ಅರ್ಧ ಎಳೆದ ಒಂದು ಶಟರಿನ ಕೆಳಗಿನಿಂದ ಥಿನ್ನರ್ ಬೆರೆಸಿದ ಹಸಿ ಪೇಂಟಿನ ವಾಸನೆ ಬಂತು. ಮೂಗಿಗೆ ಸೆರಗು ಒತ್ತಿ ಬೇಗ ಬೇಗ ಹೆಜ್ಜೆ ಹಾಕಿದೆ. ಪಾಪ, ವಾಸನೆಯ ತಪ್ಪೇನಿಲ್ಲ. ಅದರ ಹಿಂದೆಯೇ ಆ ಮನುಷ್ಯನ ಮುಖವೂ ಬಂದುಬಿಟ್ಟಿತು...

ಅವರನ್ನು ಎಲ್ಲರೂ ಟೆಂಡರ್ ಸಾರ್ ಎನ್ನುತ್ತಿದ್ದರು. ಸಣ್ಣ ಕಾರ್ಖಾನೆಯವರಿಗೆ ಸರ್ಕಾರಿ ಟೆಂಡರ್ ಕೊಡಿಸುವುದೇ ಅವರ ಕಸುಬು. ಹೋದ ತಿಂಗಳು ತೀರಿಕೊಂಡರು. ಹಳೆಯ ಶೆಡ್ಡಿನವರ ವಾಟ್ಸಾಪ್ ಗುಂಪಿನ ತುಂಬ ಕೈಮುಗಿಯುವ ಚಿತ್ರಗಳು. ನಾನು ಹಾಕಲಿಲ್ಲ. ಸತ್ತವರನ್ನು ಬೈಯಬೇಡಿ ಎನ್ನುವವರು ಇಲ್ಲಿಗೇ ಓದುವುದನ್ನು ನಿಲ್ಲಿಸಿದರೆ ನನಗೇನೂ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ನಾನೂ ನನ್ನ ಗಂಡನೂ ಪೀಣ್ಯದಲ್ಲೇ ಒಂದು ಸಣ್ಣ ಶೆಡ್ ನಡೆಸುತ್ತಿದ್ದೆವು. ಗ್ರಿಲ್, ಗೇಟು, ಕಬ್ಬಿಣದ ಮಂಚ ಮಾಡುವ ಕೆಲಸ. ರಾಯಚೂರು ಕಡೆಯ ನಾಲ್ವರು ವೆಲ್ಡರುಗಳಿದ್ದರು. ದೊಡ್ಡ ಕಂಪನಿಗಳಿಂದ ಬರುತ್ತಿದ್ದ ಕೆಲಸ ಒಂದೊಂದಾಗಿ ನಿಂತುಹೋಗಿತ್ತು. ಗಟ್ಟಿಯಾದ ಒಂದು ಆರ್ಡರ್ ಸಿಗದಿದ್ದರೆ ಶೆಡ್ ಮುಚ್ಚಲೇಬೇಕಿತ್ತು. ಅಂಥ ಹೊತ್ತಿನಲ್ಲಿ ಟೆಂಡರ್ ಸಾರ್ ಬಂದರು. ಗರಿಗರಿ ಬಿಳಿ ಅಂಗಿ, ಬಾಯಿ ತುಂಬ "ಅಮ್ಮಾ".

"ಸರ್ಕಾರಿ ಶಾಲೆ ಬೆಂಚಿಂದು ಟೆಂಡರ್ ಬಂದಿದೆ ಅಮ್ಮಾ. ಸಣ್ಣವ್ರಿಗೆ ಅಂತಾನೇ ಎಷ್ಟೊಂದು ಅನುಕೂಲ ಇದೆ, ನಿಮ್ಗೇ ಗೊತ್ತಿಲ್ಲ. ಬೆಂಚ್ ನೀವ್ ಮಾಡಿ, ಮಿಕ್ಕಿದ್ದು ನಂಗ್ ಬಿಡಿ."

ಬಿಟ್ಟೆವು. ಎಲ್ಲ ಶೆಡ್ಡಿನವರೂ ಹಾಗೆಯೇ ಬಿಡುತ್ತಿದ್ದರು. ಎಂಥ ಕಬ್ಬಿಣವನ್ನಾದರೂ ಬಗ್ಗಿಸುವವರಿಗೆ ಸರ್ಕಾರದ ಆ ವೆಬ್‌ಸೈಟ್ ಎಂದರೆ ಚಳಿಜ್ವರ ಬರುತ್ತಿತ್ತು. ಅರ್ಜಿ, ಪಾಸ್‌ವರ್ಡ್, ಓಡಾಟ, ಎಲ್ಲವೂ ಅವರ ಕೈಯಲ್ಲಿ.

ಮಾದರಿಗೆಂದು ಒಂದು ಬೆಂಚನ್ನು ಮೊದಲೇ ಶಿಕ್ಷಣ ಇಲಾಖೆಗೆ ಕೊಡಬೇಕಿತ್ತು. ನನ್ನ ಗಂಡ ಅದನ್ನು ವೆಲ್ಡರುಗಳಿಗೆ ಬಿಡದೆ ತಾವೇ ಕೂತು ಮಾಡಿದರು. ನಮ್ಮ ಮಗಳಿಗೆ ಒಮ್ಮೆ ಶಾಲೆಯ ಬೆಂಚಿನ ಮೂಲೆ ತಗುಲಿ ಮಂಡಿ ಸೀಳಿತ್ತು. ಅದಕ್ಕೇ ಮೂಲೆಗಳನ್ನೆಲ್ಲ ದುಂಡಗೆ ಉಜ್ಜಿದರು, ಯಾರಿಗೂ ಕಾಣದ ಕಾಲಿನ ಒಳಬದಿಯನ್ನೂ ಬಿಡಲಿಲ್ಲ. ಪೇಂಟ್ ಒಣಗುವ ಮೊದಲೇ ಅದರ ಮೇಲೆ ಕೂರಲು ಹೋಗಿ ನನ್ನಿಂದ ಬೈಸಿಕೊಂಡರು. ಅವರು ಅಷ್ಟು ಖುಷಿಯಾಗಿದ್ದುದನ್ನು ಆಮೇಲೆ ನಾನು ನೋಡಿಲ್ಲ.

ಟೆಂಡರ್ ಸಾರ್ ಟೆಂಪೊ ತಂದು ಬೆಂಚನ್ನು ಹತ್ತಿಸಿಕೊಂಡು ಹೋದರು. ಮಾದರಿ ಪರೀಕ್ಷೆಯ ದಿನ ನಾವು ಬರುವುದೇ ಬೇಡ ಎಂದರು. ಬೇಡ ಎಂದರೆ ಹೋಗಲೇಬೇಕು ಎನ್ನಿಸುವ ಜಾತಿ ನನ್ನದು. ಗಂಡನನ್ನೂ ಎಳೆದುಕೊಂಡು ಹೋದೆ.

ಇಲಾಖೆಯ ಹಜಾರದಲ್ಲಿ ಬೆಂಚುಗಳನ್ನು ಸಾಲಾಗಿ ಇಟ್ಟಿದ್ದರು. ನಮ್ಮ ಶೆಡ್ಡಿನ ಲೇಬಲ್ ಇದ್ದ ಬೆಂಚು ಕೈ ಇಟ್ಟರೆ ಅಲ್ಲಾಡುತ್ತಿತ್ತು. ಅದು ನಮ್ಮದಲ್ಲ. ನಮ್ಮದು ಆ ತುದಿಯಲ್ಲಿತ್ತು, ಅದೇ ದುಂಡು ಮೂಲೆಗಳು, ಆದರೆ ಅಂಟಿಸಿದ್ದು ಬೇರೊಂದು ದೊಡ್ಡ ಕಾರ್ಖಾನೆಯ ಲೇಬಲ್. ಆ ಕಾರ್ಖಾನೆಯ ಮಾಲೀಕ ಟೆಂಡರ್ ಸಾರ್ ಹೆಗಲ ಮೇಲೆ ಕೈ ಹಾಕಿಕೊಂಡು ನಗುತ್ತಿದ್ದ. ಅವನ ಟೆಂಡರನ್ನೂ ನಡೆಸುತ್ತಿದ್ದುದು ಇವರೇ ಎಂದು ಆಗ ತಿಳಿಯಿತು.

ನಾನು ಕೂಗಾಡಿದೆ. ಅಧಿಕಾರಿ ತಲೆ ಎತ್ತಿ, "ಲೇಬಲ್‌ನಲ್ಲಿ ಏನಿದ್ಯೋ ಅದೇ ನಮ್ಗೆ ಮೇಡಂ" ಎಂದರು. ನಮ್ಮ ಹೆಸರು ಫೇಲಾಯಿತು, ನಮ್ಮ ಬೆಂಚು ಪಾಸಾಯಿತು.

ಮೆಟ್ಟಿಲ ಬಳಿ ಟೆಂಡರ್ ಸಾರನ್ನು ಅಡ್ಡಗಟ್ಟಿದೆ. ಮುಖದಲ್ಲಿ ಒಂದಿಷ್ಟೂ ಗಾಬರಿಯಿಲ್ಲ. ನಾಚಿಕೆಯಂತೂ ಮೊದಲಿನಿಂದಲೂ ಇರಲಿಲ್ಲ.

"ಯಾಕಮ್ಮಾ ಕೂಗಾಡ್ತೀರಾ? ನಿಮ್ಮೋರ್ ಮಾಡಿದ್ ಬೆಂಚೇ ಫಸ್ಟ್ ಬಂದಿದೆ. ಇಂಥಾ ಕೈ ಇಡೀ ಪೀಣ್ಯದಲ್ಲಿಲ್ಲ. ಆದ್ರೆ ಅಷ್ಟು ದೊಡ್ಡ ಆರ್ಡರ್ ನಾಕ್ ಜನ ಇಟ್ಕೊಂಡು ಮಾಡೋಕಾಗುತ್ತಾ? ಆ ಫ್ಯಾಕ್ಟರಿಯವ್ರಿಗೆ ಹೇಳಿ ನಿಮ್ಗೂ ಒಂಚೂರು ವೆಲ್ಡಿಂಗ್ ಕೆಲಸ ಕೊಡಿಸ್ತೀನಿ ಬಿಡಿ."

ನನ್ನ ಗಂಡನ ಕಡೆ ತಿರುಗಿ ನೋಡಿದೆ. ಹೊಗಳಿಸಿಕೊಂಡವರ ಮುಖ ಅದು! ಆ ಹೊತ್ತಿನಲ್ಲಿ ಇಬ್ಬರ ಮೇಲೂ ನನಗೆ ಮೈ ಉರಿದುಹೋಯಿತು.

ಟೆಂಡರ್ ಸಾರ್ ಕೊಡಿಸುತ್ತೇನೆಂದ ಕೂಲಿ ಕೆಲಸವನ್ನು ನಾವು ಮುಟ್ಟಲಿಲ್ಲ. ದೂರು ಕೊಟ್ಟೆವು. ಸಾಕ್ಷಿ ತನ್ನಿ ಎಂದರು, ಅಲ್ಲಿಗೆ ಮುಗಿಯಿತು. ಶೆಡ್ ಮುಚ್ಚಿತು. ವೆಲ್ಡರುಗಳು ವರ್ತೂರು ಕಡೆ ಕಟ್ಟಡ ಕೆಲಸಕ್ಕೆ ಹೋದರು. ನನ್ನ ಗಂಡ ಈಗ ಕುಂದಲಹಳ್ಳಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಸೋರುವ ನಲ್ಲಿ, ಕಿರುಗುಟ್ಟುವ ಬಾಗಿಲು ನೋಡಿಕೊಳ್ಳುತ್ತಾರೆ. ಸಣ್ಣ ಉದ್ದಿಮೆಗಳನ್ನು ಮೇಲೆತ್ತಿದರೆಂದು ಆ ಮನುಷ್ಯನಿಗೆ ಮಾತ್ರ ವೇದಿಕೆ ಮೇಲೆ ಶಾಲು ಹೊದಿಸಿದರು. ಆ ಫೋಟೊ ನೋಡಿದ ದಿನ ನನಗೆ ಅನ್ನ ಸೇರಲಿಲ್ಲ.

ಮೊನ್ನೆ ಭಾನುವಾರ ಶ್ರದ್ಧಾಂಜಲಿ ಸಭೆ ಇತ್ತು. ನನ್ನ ಗಂಡ ತಲೆ ಬಾಚಿಕೊಂಡು ಹೊರಟೇಬಿಟ್ಟರು. ನಾನು ತಿಂಡಿ ಕೂಡ ಕೊಡಲಿಲ್ಲ. ವಾಪಸ್ ಬಂದಾಗ ತಡೆಯಲಾರದೆ ಕೇಳಿದೆ.

"ಯಾಕ್ರೀ ಹೋಗಿದ್ರಿ ಅಲ್ಲಿಗೆ? ಮಾನ ಮರ್ಯಾದೆ ಬೇಡ್ವಾ?"

ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು.

"ಆ ಬೆಂಚ್ ನಂದು ಅಂತ ಬಾಯ್ಬಿಟ್ ಹೇಳ್ದೋನು ಅವ್ನೊಬ್ನೇ ಕಣೇ. ಇನ್ಯಾರ್ ಹೇಳ್ತಾರೆ?"

ನಾನಿದ್ದೇನಲ್ಲ ಎನ್ನಬಹುದಿತ್ತು. ಹೆಂಡತಿಯ ಮಾತನ್ನು ಯಾರು ಸಾಕ್ಷಿ ಎನ್ನುತ್ತಾರೆ... ಇಷ್ಟು ವರ್ಷ ನಾನು ಕಾದದ್ದೂ ಅದಕ್ಕೇ. ಎಂದಾದರೂ ಒಂದು ದಿನ ನಾಲ್ಕು ಜನರೆದುರು ಅವನ ಬಾಯಿಂದಲೇ ಆ ಮಾತು ಹೇಳಿಸಬೇಕು ಎಂದುಕೊಂಡಿದ್ದೆ. ಹೇಳದೆಯೇ ಸತ್ತ.