ಗಿರಾಕಿಯ ಕೈಗೆ ಪೆನ್ಸಿಲ್

ನಿನ್ನೆ ಪೆನ್ಸಿಲ್ ಕೆತ್ತುತ್ತಿದ್ದೆ. ಮರದ ಸಿಪ್ಪೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನ ಆ ಚಾದರ ಕಾರ್ಖಾನೆ, ಮಗ್ಗಗಳ ಖಟಖಟ, ನಮ್ಮ ಡಿಸೈನ್ ಮಾಸ್ತರರು, ಎಲ್ಲ ಒಟ್ಟಿಗೆ ಎದ್ದು ಬಂದವು...

ತೊಂಬತ್ತರ ದಶಕದ ಕೊನೆ. ಮಾಲಕರು ಡಿಸೈನಿಗೆಂದು ಕಂಪ್ಯೂಟರ್ ತಂದು ಅದರ ಮುಂದೆ ನನ್ನನ್ನು ಕೂಡಿಸಿದ್ದರು. ಅಲ್ಲಿಯತನಕ ಚೌಕಳಿ ಕಾಗದದ ಮೇಲೆ ಡಿಸೈನ್ ತೆಗೆಯುತ್ತಿದ್ದ ಮಾಸ್ತರರ ಪಾಲಿಗೆ ನಾನು ಸವತಿಯೇ ಸೈ. ಅವರ ಬಾಯಿ ಜೋರು, ಜಂಬ ಇನ್ನೂ ಜೋರು. "ನಿನ್ನ ಪೆಟ್ಟಿಗಿಗೆ ಚಾ ಬೇಕೇನ ಕೇಳ, ತಂಗಿ" ಎಂದು ದಿನಾ ಚುಡಾಯಿಸುತ್ತಿದ್ದರು.

ನನ್ನ ಮೊದಲ ಡಿಸೈನು ಅಕ್ಕಲಕೋಟದ ಒಬ್ಬ ಅಂಗಡಿಕಾರರಿಗೆ, ಯಾತ್ರಿಕರು ಕೊಳ್ಳುವ ಚಾದರಕ್ಕೆ. ನಟ್ಟನಡುವೆ ದೊಡ್ಡ ಗುಡಿ ಕೂಡಿಸಿ, ಬಣ್ಣದಲ್ಲಿ ಛಾಪಿಸಿ ಒಯ್ದೆ. ಅವರು ಎರಡೂ ಕೈಯಲ್ಲಿ ಹಿಡಿದು ನೋಡಿ, "ಭಾಳ ಛಂದ ಅದ" ಅಂದರು. ಆರ್ಡರ್ ಮಾತ್ರ ಬರಲಿಲ್ಲ. ಅದು ಸಿಗದಿದ್ದರೆ ಕಂಪ್ಯೂಟರ್ ವಾಪಸ್, ಜೊತೆಗೆ ನೀನೂ ಎಂದರು ಮಾಲಕರು. ಅಪ್ಪ ದುಡಿಯುತ್ತಿದ್ದ ಗಿರಣಿ ಮುಚ್ಚಿತ್ತು, ಮನೆ ನನ್ನ ಪಗಾರದ ಮೇಲೆಯೇ ನಡೆಯುತ್ತಿತ್ತು.

ಮಾಸ್ತರರು ಸುಮ್ಮನಿದ್ದಿದ್ದರೆ ಅವರ ಕುರ್ಚಿ ಭದ್ರ. ಆದರೆ ಮರುದಿನ ಅವರೇ ನನ್ನನ್ನು ಅಕ್ಕಲಕೋಟದ ಬಸ್ಸು ಹತ್ತಿಸಿದರು. ನನ್ನದೇ ಡಿಸೈನನ್ನು ಕಾಗದದ ಮೇಲೆ ಒರಟಾಗಿ ಗೀಚಿಕೊಂಡು ಬಂದಿದ್ದರು, ಬೇಕೆಂತಲೇ ಒಂದು ಮೂಲೆ ಖಾಲಿ. ಅಂಗಡಿಯ ಗಾದಿಯ ಮೇಲೆ ಅದನ್ನು ಹರವಿ, ಪೆನ್ಸಿಲ್ ಅಂಗಡಿಕಾರರ ಕೈಗೇ ಕೊಟ್ಟರು.

"ಇಲ್ಲಿ ಏನ ಬರಬೇಕು, ನೀವ ತಗೀರಿ."

ಅವರು ಅಂಜುತ್ತ ಮೂಲೆಯಲ್ಲೊಂದು ಹೂವು ತೆಗೆದರು. ಕೈ ಸಡಿಲಾಯಿತು. ಆಮೇಲೆ ಗುಡಿಯ ಮೇಲೆ ಸರ್ರನೆ ಗೀಟು ಎಳೆದರು.

"ಗುಡಿ ಮ್ಯಾಲ ಕಾಲ ಚಾಚಿ ಮಂದಿ ಹ್ಯಾಂಗ ಮಲಗಬೇಕ್ರಿ?"

"ಅವತ್ತ ಯಾಕ ಹೇಳಲಿಲ್ರಿ?" ಎಂದೆ.

"ಅಷ್ಟ ಛಂದ ಮಾಡಿ ತಂದಿದ್ದಿ ಯವ್ವಾ, ಹ್ಯಾಂಗ ಬ್ಯಾಡ ಅನ್ನಲಿ?"

ಗುಡಿ ಹೋಗಿ ಬಳ್ಳಿ ಬಂತು, ಆರ್ಡರೂ ಬಂತು. ವಾಪಸ್ ಬರುವಾಗ ಮಾಸ್ತರರು ಕಿಟಕಿಯ ಹೊರಗೆ ನೋಡುತ್ತ ಅಂದರು: "ಪೆಟ್ಟಿಗಿ ಇನ್ನ ಹೋಗೂದಿಲ್ಲ ತಂಗಿ. ಗಿರಾಕಿ ಕೈಗೆ ಪೆನ್ಸಿಲ್ ಕೊಡೂದ ಮಾತ್ರ ಬಿಡಬ್ಯಾಡ."

ನನ್ನ ಕೆಲಸ ಉಳಿಯಿತು. ಕೆಲವು ತಿಂಗಳಲ್ಲಿ ಅವರದು ಹೋಯಿತು... ಹೀಗಾಗುತ್ತದೆ ಎಂದು ಆ ಬಸ್ಸಿನಲ್ಲೇ ಅವರಿಗೆ ಗೊತ್ತಿತ್ತು.

ಈಗ ನಾನು ಮೊಬೈಲ್ ಆ್ಯಪ್‌ಗಳ ಡಿಸೈನ್ ಮಾಡುತ್ತೇನೆ. ಕಂಪ್ಯೂಟರಿನಲ್ಲಿ ಒಂದು ಗೆರೆ ಮೂಡುವ ಮೊದಲು ಗಿರಾಕಿಯ ಮುಂದೆ ಕಾಗದ ಬರುತ್ತದೆ, ಒಂದು ಮೂಲೆ ಖಾಲಿ ಇರುತ್ತದೆ. ಜೊತೆಗಿನವರು ನಗುತ್ತಾರೆ, ನಗಲಿ. ಮಾಸ್ತರರು ತೀರಿಕೊಂಡ ಸುದ್ದಿ ಹೋದ ವಾರ ಬಂತು. ಇವತ್ತಿಗೂ ನಾನು ಉಣ್ಣುವುದು ಅವರು ಬಿಟ್ಟುಕೊಟ್ಟ ಅನ್ನ.