ಒಂದು ಫೈಲೂ ಬದಲಾಗಿಲ್ಲವಂತೆ

ಗೆಳೆಯರೇ, ಚಾಮರಾಜಪೇಟೆಯಲ್ಲಿ ನಾನು ಕೆಲಸ ಮಾಡುವ ರಕ್ತಪರೀಕ್ಷೆ ಲ್ಯಾಬಿಗೆ ಇವತ್ತು ಬೆಳಿಗ್ಗೆ ಹನುಮಂತನಗರದ ಟೀಚರೊಬ್ಬರು ಬಂದರು. ಅವರ ರಿಪೋರ್ಟು ಸ್ಕೂಲಿನ ವಾಟ್ಸಾಪ್ ಗ್ರೂಪಿನಲ್ಲಿ ಓಡಾಡುತ್ತಿದೆ.

"ನಮ್ಮನೆಯವ್ರಿಗೇ ಇನ್ನೂ ಹೇಳಿರ್ಲಿಲ್ಲ ಕಣ್ರೀ," ಎಂದರು.

ಅವರಿಗೆ ಕೊಟ್ಟ ಕಾಗದ ಅವರ ಬ್ಯಾಗಿನಲ್ಲೇ ಇತ್ತು. ಸೋರಿದ್ದು ನಮ್ಮ ಕಂಪ್ಯೂಟರಿನಿಂದಲೇ. ಅದಕ್ಕೆ ಕಾವಲು ಸಾಫ್ಟ್‌ವೇರ್ ಹಾಕಿಕೊಟ್ಟ ಮಹಾನುಭಾವನನ್ನು ಕರೆಸಿದೆ. ಆತ ಸ್ಕ್ರೀನ್ ನೋಡಿ ನಕ್ಕ.

"ಎಲ್ಲಾ ಗ್ರೀನ್ ಇದೆ ಮೇಡಂ. ಒಂದು ಫೈಲೂ ಬದಲಾಗಿಲ್ಲ."

"ಬದಲಾಯ್ಸಿದಾರೆ ಅಂತ ಯಾರ್ರೀ ಹೇಳಿದ್ರು? ಯಾರೋ ಓಪನ್ ಮಾಡಿ ಕಾಪಿ ಮಾಡ್ಕೊಂಡಿದಾರೆ. ಅದನ್ನ ಹಿಡಿಯಲ್ವಾ?"

"ಓದೋದನ್ನೆಲ್ಲ ಇದು ನೋಡಲ್ಲ ಮೇಡಂ. ತಿದ್ದಿದ್ರೆ, ಅಳಿಸಿದ್ರೆ ಮಾತ್ರ ಹೇಳುತ್ತೆ."

"ಹಾಕುವಾಗ್ಲೇ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ವಲ್ಲ."

ಟೀಚರ್ ಮೆಲ್ಲಗೆ ಕೇಳಿದರು: "ಹಾಗಾದ್ರೆ ನನ್ ರಿಪೋರ್ಟು ಸೇಫಾಗಿದೆ ಅಂತೀರಾ?"

"ಒಂದಕ್ಷರನೂ ಆಚೀಚೆ ಆಗಿಲ್ಲ ಮೇಡಂ!" ಎಂದ, ಹೆಮ್ಮೆಯಿಂದ.

ಟೀಚರ್ ಜೊತೆ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟು ಈಗಷ್ಟೇ ಬಂದೆ. ಆತ ಹೇಳಿದ್ದು ಸುಳ್ಳಲ್ಲ ಬಿಡಿ. ಸ್ಕೂಲಿನವರೆಲ್ಲ ಓದಿದ್ದು ಒಂದಕ್ಷರವೂ ತಪ್ಪಿಲ್ಲದ ರಿಪೋರ್ಟನ್ನೇ.