ಒಂದೇ ಹಾಸಿನ ಎರಡು ಸೀರೆ

…ಅಥವಾ ಕೂಸಿನ ಕೌದಿ ಹೊಲಿಯಲು ಹೋದದ್ದು ನಾನು ಆಸ್ಪತ್ರೆಯಲ್ಲಿ ಉಟ್ಟಿದ್ದ ಸೀರೆಯೇ ಅಲ್ಲವೇನೋ. ಅಂಚಿನ ಹಸಿರು ದಡಿ ನೆನಪಿದೆ. ಆದರೆ ಬನಹಟ್ಟಿಯ ನಮ್ಮ ಮಗ್ಗದಲ್ಲಿ ಒಂದೇ ಹಾಸಿನ ನೂಲಿನಿಂದ ಇಳಿದ ಎರಡು ಸೀರೆಗಳನ್ನು ನನಗೆಂದೇ ಇಟ್ಟುಕೊಂಡಿದ್ದೆ. ಬಣ್ಣ ಒಂದೇ, ದಡಿ ಒಂದೇ. ಎರಡೂ ಉಟ್ಟು ಉಟ್ಟು ಮೆತ್ತಗಾಗಿದ್ದವು.

ಕುತ್ತಿಗೆಯಲ್ಲಿ ಗಂಟು. ಥೈರಾಯ್ಡ್ ಕ್ಯಾನ್ಸರ್. ಆಪರೇಷನ್ ಆಯಿತು. ಉಳಿದದ್ದನ್ನು ಸುಡಲು ಬೆಳಗಾವಿಯ ಆಸ್ಪತ್ರೆಯಲ್ಲಿ ರೇಡಿಯೋ ಅಯೋಡಿನ್ ಕೊಟ್ಟರು. ಒಂದು ಗುಳಿಗೆ, ಅಷ್ಟೇ. ಕೊಟ್ಟ ನರ್ಸ್ ಕೂಡಲೇ ಬಾಗಿಲಾಚೆ ಸರಿದರು. ಮೂರು ದಿನ ಊಟದ ತಟ್ಟೆ ಹೊಸ್ತಿಲವರೆಗೆ ಬಂತು, ಮನುಷ್ಯರು ಬರಲಿಲ್ಲ.

"ನಿಮ್ಮ ಬೆವರಿನ್ಯಾಗೂ ರೇಡಿಯೇಷನ್ ಇರತೈತ್ರಿ ಅಮ್ಮಾರ," ಎಂದರು ಡಾಕ್ಟರು. "ಬಸುರಿ ಮಗಳು ಮನ್ಯಾಗ ಅದಾಳ ಅಂದ್ರಿ. ಒಂದು ತಿಂಗಳು ಆಕಿ ಹತ್ರ ಹೋಗಬ್ಯಾಡ್ರಿ. ಇಲ್ಲಿ ಉಟ್ಟ ಸೀರಿ ಬ್ಯಾರೆ ಇಡ್ರಿ."

ಗೀತಾ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಏಳು ತಿಂಗಳು. ನಾನು ಮಗ್ಗದ ಶೆಡ್ಡಿನ ಹಿಂದಿನ ನೂಲಿನ ಕೋಣೆ ಸೇರಿದೆ. ಆಸ್ಪತ್ರೆಯಲ್ಲಿ ಉಟ್ಟ ಸೀರೆಯನ್ನು ಗಂಟು ಕಟ್ಟಿ ಮೊಳೆಗೆ ತೂಗುಹಾಕಿದೆ. ಅದರ ಜೋಡಿ ಸೀರೆ ಟ್ರಂಕಿನಲ್ಲಿತ್ತು. ಮಗ್ಗದ ಸದ್ದಿನಲ್ಲಿ ಮಾತು ಕೇಳದು. ನೇಕಾರರು ಕೈಸನ್ನೆಯಲ್ಲೇ ಮಾತಾಡುವವರು. ಶೆಡ್ಡಿನ ಆ ತುದಿಯಿಂದ ಗೀತಾ ಬಾಯಿಗೆ ಬೆರಳೊಯ್ದು ಉಂಡೆಯಾ ಎಂದು ಕೇಳುತ್ತಿದ್ದಳು. ನಾನು ತಲೆಯಾಡಿಸುತ್ತಿದ್ದೆ. ಕರೆಂಟು ಹೋಗಿ ಮಗ್ಗ ನಿಂತಾಗ ಕೂಗಿ ಮಾತಾಡಬಹುದಿತ್ತು. ಆಗಲೂ ಯಾಕೋ ಇಬ್ಬರೂ ಕೈಯನ್ನೇ ಆಡಿಸುತ್ತಿದ್ದೆವು.

ಹತ್ತನೆಯ ದಿನ. ಹನ್ನೆರಡನೆಯದೂ ಇರಬಹುದು. ಗೀತಾ ನಗುತ್ತ ಕೂಸಿನ ಕೌದಿ ಎತ್ತಿ ತೋರಿಸಿದಳು.

ಹಸಿರು ದಡಿ.

ಅಂಗೈ ಮೇಲೆತ್ತಿದೆ. ಬೇಡ, ಬಿಡು ಎಂದು. ನಮ್ಮ ಶೆಡ್ಡಿನಲ್ಲಿ ಆ ಸನ್ನೆಗೆ ಅರ್ಥ ಒಂದೇ: ಎಳೆ ಹರಿದಿದೆ, ಮಗ್ಗ ನಿಲ್ಲಿಸು. ಅವಳು ಕೌದಿಯನ್ನು ಹೊಟ್ಟೆಗೆ ಅವುಚಿಕೊಂಡೇ ಹೋಗಿ ಮಗ್ಗ ನಿಲ್ಲಿಸಿದಳು.

"ಅದನ್ನ ದೂರ ಒಗಿಯಲೇ ಗೀತಾ!"

ನನ್ನ ಅತ್ತೆ ಮನೆಯೊಳಗಿಂದ ಹೊರಗೆ ಬಂದರು. "ಯಾಕ ಬಡಕೊಳ್ಳಾಕತ್ತಿಬೇ? ಸೀರಿ ನಾನ ಕೊಟ್ಟೀನಿ. ನೀ ಜಳಕಕ್ಕ ಹೋದಾಗ ಗಂಟಿನ್ಯಾಗಿಂದೂ ತಗದೆ, ಟ್ರಂಕಿನ್ಯಾಗಿಂದೂ ತಗದೆ. ಭಾಳ ಮೆತ್ತಗಿದ್ದದ್ದು ಕೂಸಿಗೆ, ಇನ್ನೊಂದು ತಿರುಗಿ ಕಟ್ಟಿ ಇಟ್ಟೆ."

"ಮೆತ್ತಗಿದ್ದದ್ದು ಯಾವುದ್ರಿ ಅತ್ತಿ?"

"ಎರಡೂ ಒಂದ ಹಂಗ ಅದಾವ. ನನಗೇನ ಗೊತ್ತ?"

ಗೀತಾ ಮೂರು ದಿನ ಅದನ್ನು ಮಡಿಲಲ್ಲಿ ಹರವಿಕೊಂಡು ಹೊಲಿದಿದ್ದಳು.

ಫೋನಿನಲ್ಲಿ ಡಾಕ್ಟರು ತಡೆದು ತಡೆದು ಮಾತಾಡಿದರು. "ಅಪಾಯ ಭಾಳ ಕಡಿಮಿರಿ. ಏನೂ ಇಲ್ಲ ಅಂತ ಮಾತ್ರ ನಾ ಹೇಳಂಗಿಲ್ಲ. ಹುಟ್ಟಿದ ಮ್ಯಾಲ ಕೂಸಿಂದು ಥೈರಾಯ್ಡ್ ಟೆಸ್ಟ್ ಮಾಡಸ್ರಿ."

ಜಮಖಂಡಿಯಲ್ಲಿ ಹೆರಿಗೆ. ಹೆಣ್ಣು. ಹಿಮ್ಮಡಿಯಿಂದ ರಕ್ತ ತೆಗೆದರು. ರಿಪೋರ್ಟ್ ನಾರ್ಮಲ್.

"ಅಳೂದ ಕೇಳಬೇ," ಎಂದರು ಅತ್ತೆ, "ನಾಕು ಮಗ್ಗ ಒಮ್ಮೆ ಹಚ್ಚಿದಂಗ!"

ನಾನೂ ನಕ್ಕೆ. ಡಾಕ್ಟರು ಹೇಳಿದ ತಿಂಗಳು ಎಂದೋ ಮುಗಿದಿದೆ. ಆದರೂ ಗೀತಾ ಕೂಸನ್ನು ನನ್ನತ್ತ ಚಾಚಿದಾಗ ಮೊದಲು ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ. ಆಮೇಲೆ ಎತ್ತಿಕೊಳ್ಳುತ್ತೇನೆ. ಕೂಸು ಇವತ್ತಿಗೆ ಚೆನ್ನಾಗಿದೆ, ಅಷ್ಟು ಗೊತ್ತು. ಹೊಲಿಗೆಯ ಆ ಮೂರು ದಿನ ಗೀತಾಳ ಮಡಿಲಲ್ಲಿ, ಹೊಟ್ಟೆಯೊಳಗಿನ ಕೂಸಿನ ಮೇಲೆ ಇದ್ದದ್ದು ಯಾವ ಸೀರೆ ಎಂಬುದು ಗೊತ್ತಿಲ್ಲ.